ಪರದೆಯ ಮೇಲಿನ ಲೆಕ್ಕಕ್ಕೂ ತಾರೀಕು ಬೇಕು

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ದೊಡ್ಡ ಕಂಪನಿಗಳಿಂದ ಕಾಗದ ಬರುವುದು ಈಗ ಬಹಳ ಕಡಿಮೆಯಾಗಿದೆ. ಪರ್ಚೇಸ್ ಆರ್ಡರ್, ರಿಜೆಕ್ಷನ್ ನೋಟ್, ಪೇಮೆಂಟ್ ವಿವರ ಎಲ್ಲವೂ ಆಯಾ ಕಂಪನಿಯ ವೆಬ್‌ಸೈಟಿನ ವೆಂಡರ್ ಪೋರ್ಟಲ್‌ನಲ್ಲೇ ಸಿಗುತ್ತವೆ. ಲಾಗಿನ್ ಆದ ಕೂಡಲೇ ಕಾಣುವುದು ಬಣ್ಣಬಣ್ಣದ ಒಂದು ರಿಪೋರ್ಟ್. ಮೇಲೆ ನಿಮ್ಮ ರೇಟಿಂಗ್, ಪಕ್ಕದಲ್ಲಿ ಎಷ್ಟು ಮಾಲು ತಡವಾಯಿತು, ಎಷ್ಟು ವಾಪಸಾಯಿತು, ಕೆಳಗೆ ಬಾಕಿ ಬಿಲ್ಲುಗಳ ಕಂಬಗಳು. ಒಂದು ಕಂಬದ ಮೇಲೆ ಒತ್ತಿದರೆ ಉಳಿದವೆಲ್ಲ ತಕ್ಕಂತೆ ಬದಲಾಗುತ್ತವೆ. ಮುಂದಿನ ವರ್ಷ ಆ ಕಾರ್ಖಾನೆಗೆ ಆರ್ಡರ್ ಹೆಚ್ಚುತ್ತದೋ ಇಳಿಯುತ್ತದೋ ಎಂಬುದು ಬಹುಮಟ್ಟಿಗೆ ಈ ಪರದೆಯ ಸಂಖ್ಯೆಗಳ ಮೇಲೆಯೇ ನಿಂತಿದೆ.

ಇಂಥ ರಿಪೋರ್ಟುಗಳನ್ನು ಕಂಪನಿಗಳ ಪೋರ್ಟಲ್ ಒಳಗೆ ಕೂರಿಸಿಕೊಡುವುದು ನನ್ನ ವೃತ್ತಿ. ರಾಜಾಜಿನಗರದಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆ ಇದೆ. ನಮ್ಮ ತಂದೆ ಪೀಣ್ಯ ಎರಡನೇ ಹಂತದಲ್ಲಿ ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡಿಕೊಂಡಿದ್ದವರು. ಹಾಗಾಗಿ ರಿಪೋರ್ಟ್ ಮಾಡಿಸುವವರು ಏನು ಬಯಸುತ್ತಾರೆ ಎಂಬುದೂ ಗೊತ್ತು, ಅದನ್ನು ನೋಡುವವರ ಎದೆ ಎಲ್ಲಿ ಡವಗುಟ್ಟುತ್ತದೆ ಎಂಬುದೂ ಗೊತ್ತು. ನಾನು ಹೇಳಬೇಕೆಂದಿರುವುದು ಇಷ್ಟು: ಹೊರಗಿನವರು ನೋಡಲೆಂದು ಕಂಪನಿಯೊಂದು ತನ್ನ ಪೋರ್ಟಲ್‌ನಲ್ಲಿ ಇಟ್ಟ ರಿಪೋರ್ಟ್, ಆ ಕಂಪನಿ ಸಹಿ ಹಾಕಿ ಕೊಟ್ಟ ಪತ್ರಕ್ಕೆ ಸಮ. ಪತ್ರಕ್ಕೆ ಇರುವಂತೆ ಅದಕ್ಕೂ ತಾರೀಕು ಇರಬೇಕು. ಲೆಕ್ಕ ಹೇಗೆ ಮಾಡಿದ್ದು ಎಂದು ಬರೆದಿರಬೇಕು. ಸಂಖ್ಯೆಯ ಕೆಳಗಿರುವ ಒಂದೊಂದು ಸಾಲನ್ನೂ ತೆರೆದು ನೋಡಲು ಸಾಧ್ಯವಾಗಬೇಕು, ತಪ್ಪು ಕಂಡರೆ ಅಲ್ಲೇ ತಕರಾರು ಹಾಕಲು ಜಾಗವಿರಬೇಕು.

ಇವನ್ನು ಡೈನಮಿಕ್ ರಿಪೋರ್ಟ್ ಎನ್ನುತ್ತಾರೆ. ಆ ಹೆಸರು ಕೇಳಿ ನೋಡುವವರು ಈ ಗಳಿಗೆಯ ಲೆಕ್ಕವೇ ಕಾಣುತ್ತಿದೆ ಎಂದು ನಂಬುತ್ತಾರೆ. ಒಳಗೆ ನಡೆಯುವುದು ಬೇರೆ. ಮಾಲು ಬಂದದ್ದನ್ನು ಸ್ಟೋರ್ಸ್‌ನವರು ಕಂಪನಿಯ ಇಆರ್‌ಪಿಯಲ್ಲಿ, ಅಂದರೆ ವ್ಯವಹಾರವೆಲ್ಲ ದಾಖಲಾಗುವ ತಂತ್ರಾಂಶದಲ್ಲಿ, ನಮೂದಿಸಿ ಜಿಆರ್‌ಎನ್ ಎಂಬ ಮಾಲು ಮುಟ್ಟಿದ ಚೀಟಿ ಹಾಕುತ್ತಾರೆ. ಆ ಮಾಹಿತಿ ಸಾಮಾನ್ಯವಾಗಿ ರಾತ್ರಿ ಹೊತ್ತು ಇನ್ನೊಂದು ಡೇಟಾಬೇಸಿಗೆ ಹೋಗಿ ಸೇರುತ್ತದೆ. ಪವರ್ ಬಿಐ, ಟ್ಯಾಬ್ಲೋ, ಸೂಪರ್‌ಸೆಟ್, ಮೆಟಾಬೇಸ್ ಹೀಗೆ ಯಾವುದೋ ಒಂದು ಸಾಧನ ಅದನ್ನು ಓದಿ ಗ್ರಾಫ್ ಬರೆಯುತ್ತದೆ. ಪೋರ್ಟಲ್ ಪುಟದೊಳಗೆ ಐಫ್ರೇಮ್ ಎಂಬ ಚೌಕಟ್ಟು ಇಟ್ಟು ಆ ಗ್ರಾಫನ್ನು ಅಲ್ಲಿ ತೋರಿಸುತ್ತೇವೆ. ಹೆಚ್ಚಿನ ಕಡೆ ಸಾಧನವು ಮಾಹಿತಿಯ ಒಂದು ಪ್ರತಿಯನ್ನು ತನ್ನಲ್ಲೇ ಇಟ್ಟುಕೊಂಡು ಅದರಿಂದ ಗ್ರಾಫ್ ಬರೆಯುತ್ತದೆ. ಪವರ್ ಬಿಐನ ಪ್ರೊ ಲೈಸೆನ್ಸ್ ಇದ್ದರೆ ಆ ಪ್ರತಿಯನ್ನು ದಿನಕ್ಕೆ 8 ಸಲ ಹೊಸದು ಮಾಡಲು ವೇಳೆ ಗೊತ್ತುಮಾಡಬಹುದು. ಪ್ರೀಮಿಯಂ ಆದರೆ 48 ಸಲ. ಪ್ರತಿ ಇಟ್ಟುಕೊಳ್ಳದೆ ಪ್ರತಿಸಲವೂ ಮೂಲ ಡೇಟಾಬೇಸನ್ನೇ ಕೇಳುವ ವಿಧಾನವೂ ಉಂಟು. ಒಟ್ಟಿಗೆ ಹತ್ತಾರು ಜನ ಬಂದರೆ ಪುಟ ತಡವರಿಸುತ್ತದೆ ಎಂದು ಅನೇಕರು ಅದರ ಗೊಡವೆಗೆ ಹೋಗುವುದಿಲ್ಲ.

ಇದರಲ್ಲಿ ಮೋಸವೇನಿಲ್ಲ. ಆದರೆ ಪ್ರತಿಯನ್ನು ಹೊಸದು ಮಾಡುವ ಈ ರಿಫ್ರೆಶ್ ವಿಫಲವಾದಾಗ ಪರದೆ ಖಾಲಿಯಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ನಿನ್ನೆಯದೋ ಮೊನ್ನೆಯದೋ ಸಂಖ್ಯೆಗಳು ಅಷ್ಟೇ ಚೆನ್ನಾಗಿ ನಿಂತಿರುತ್ತವೆ, ಒತ್ತಿದರೆ ಅಷ್ಟೇ ಚುರುಕಾಗಿ ಬದಲಾಗುತ್ತವೆ. ಶನಿವಾರ ಸಂಜೆ ಟೆಂಪೋದಲ್ಲಿ ಬುಷ್‌ಗಳನ್ನು ಒಯ್ದು ಇಳಿಸಿ, ಡೆಲಿವರಿ ಚಲನ್ ಮೇಲೆ ಗೇಟಿನ ಸೀಲ್ ಹಾಕಿಸಿಕೊಂಡು ಬಂದವರಿಗೆ ಸೋಮವಾರ ಬೆಳಿಗ್ಗೆ ಪೋರ್ಟಲ್‌ನಲ್ಲಿ ಅದೇ ಆರ್ಡರ್ ಎದುರು ‘ಓವರ್‌ಡ್ಯೂ’ ಎಂಬ ಕೆಂಪು ಪಟ್ಟಿ ಕಾಣುತ್ತದೆ. ಮಾಲು ಕಳೆದುಹೋಯಿತೇ, ಜಿಆರ್‌ಎನ್ ಆಗಿಲ್ಲವೇ, ಪರದೆ ಹಳೆಯದೇ? ತಿಳಿಯಲು ದಾರಿಯಿಲ್ಲ. ‘ಈ ಮಾಹಿತಿ ಶುಕ್ರವಾರ ರಾತ್ರಿ 11.30ರವರೆಗಿನದು’ ಎಂಬ ಒಂದೇ ಸಾಲು ಮೇಲಿದ್ದಿದ್ದರೆ ಅವರು ಅರ್ಧ ದಿನ ಫೋನ್ ಹಿಡಿದು ಕೂರಬೇಕಾಗಿರಲಿಲ್ಲ. ಆ ಸಾಲು ಹಾಕುವುದು ನಮ್ಮಂಥವರಿಗೆ ಒಂದು ಗಂಟೆಯ ಕೆಲಸವೂ ಅಲ್ಲ. ಆದರೂ ಅದನ್ನು ತೆಗೆಯಿರಿ ಎಂದವರಿದ್ದಾರೆ. ಹಳೆಯ ತಾರೀಕು ಕಂಡರೆ ಪೋರ್ಟಲ್ ಹಳತೆನಿಸುತ್ತದೆ ಎಂಬುದು ಅವರ ಚಿಂತೆ.

2020ರ ಅಕ್ಟೋಬರ್ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಅಲ್ಲಿನ ಆರೋಗ್ಯ ಇಲಾಖೆಯ ಸಂಸ್ಥೆ ಎಕ್ಸೆಲ್‌ನ ಹಳೆಯ ಮಾದರಿಯ ಫೈಲುಗಳಿಗೆ ಹಾಕಿಕೊಳ್ಳುತ್ತಿತ್ತು. ಆ ಮಾದರಿಯ ಫೈಲಿನಲ್ಲಿ ಹಿಡಿಯುವುದು 65,536 ಸಾಲು ಮಾತ್ರ. ಮಿಕ್ಕವು ಸದ್ದಿಲ್ಲದೆ ಉದುರಿಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪ್ರಕರಣಗಳು ಆಯಾ ದಿನದ ಲೆಕ್ಕಕ್ಕೆ ಬರಲಿಲ್ಲ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು. ಅಷ್ಟು ದಿನವೂ ಜನ ಪ್ರತಿ ಸಂಜೆ ಹೊಸ ಸಂಖ್ಯೆಯನ್ನು ನೋಡುತ್ತಲೇ ಇದ್ದರು. ಸಂಖ್ಯೆ ದಿನವೂ ಬದಲಾಗುತ್ತಿದೆ ಎಂದ ಮಾತ್ರಕ್ಕೆ ಅದು ಪೂರ್ತಿಯಾಗಿದೆ ಎಂದು ಯಾರೂ ಹೇಳಲಾಗದು. ಅದೇ ಕಾಲದಲ್ಲಿ ನಮ್ಮ ದೇಶದ ಸ್ವಯಂಸೇವಕರು ರಾಜ್ಯಗಳ ಬುಲೆಟಿನ್‌ಗಳನ್ನು ಕಲೆಹಾಕಿ ‘ಕೋವಿಡ್19ಇಂಡಿಯಾ’ ಎಂಬ ಪುಟ ನಡೆಸಿದರು. 2021ರ ಅಕ್ಟೋಬರ್ ಕೊನೆಯವರೆಗೂ ಅದು ನಡೆಯಿತು. ಗ್ರಾಫಿನ ಜೊತೆ ಹಿಂದಿರುವ ಮಾಹಿತಿಯನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದ್ದರು. ಪತ್ರಕರ್ತರೂ ಸಂಶೋಧಕರೂ ಅದನ್ನು ನಂಬಿ ಬಳಸಿದ್ದಕ್ಕೆ ಆ ತೆರೆದ ಬಾಗಿಲೇ ಕಾರಣ ಎಂದು ನಾನು ಭಾವಿಸುತ್ತೇನೆ.

ಇನ್ನು ಹಣದ ವಿಷಯ. ಸಣ್ಣ ಕೈಗಾರಿಕೆಗೆ ಇದಕ್ಕಿಂತ ದೊಡ್ಡದಿಲ್ಲ.

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಒಪ್ಪಂದವೂ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. 2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನೊಂದು ಬಿಗಿ ಸೇರಿಸಿತು: ಅವಧಿಯೊಳಗೆ ಕೊಡದ ಹಣವನ್ನು ಕೊಂಡವರು ತಮ್ಮ ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ತೋರಿಸುವುದು ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ. ಆಮೇಲೆ ದೊಡ್ಡ ಕಂಪನಿಗಳ ವೆಂಡರ್ ಪೋರ್ಟಲ್‌ಗಳಲ್ಲಿ ‘ಸರಾಸರಿ ಪಾವತಿ ದಿನಗಳು’ ಎಂಬ ಸಂಖ್ಯೆ ಎದ್ದು ಕಾಣುವ ಜಾಗಕ್ಕೆ ಬಂತು. ಒಳ್ಳೆಯ ಬೆಳವಣಿಗೆಯೇ.

ಆದರೆ ದಿನ ಎಣಿಸುವುದು ಎಲ್ಲಿಂದ? ಕಾಯ್ದೆ ಇದನ್ನು ಬಿಡಿಸಿ ಹೇಳಿದೆ. ಮಾಲು ತಲುಪಿದ ದಿನದಿಂದ ಎಣಿಸಬೇಕು. ತಲುಪಿದ 15 ದಿನಗಳೊಳಗೆ ಕೊಂಡವರು ಲಿಖಿತವಾಗಿ ಆಕ್ಷೇಪ ಎತ್ತಿದ್ದರೆ, ಆ ಆಕ್ಷೇಪ ಪರಿಹಾರವಾದ ದಿನದಿಂದ. ನಾನು ಒಂದು ಕಂಪನಿಯ ಪೋರ್ಟಲ್‌ಗೆ ಹೊಸ ರಿಪೋರ್ಟ್ ಕೂರಿಸಲು ಹೋದಾಗ ಹಳೆಯದರ ಫಾರ್ಮುಲಾ ತೆರೆದು ನೋಡಿದೆ. ಅಲ್ಲಿ ದಿನ ಶುರುವಾಗುತ್ತಿದ್ದುದು ಅಕೌಂಟ್ಸ್ ವಿಭಾಗ ಇನ್ವಾಯ್ಸನ್ನು ಇಆರ್‌ಪಿಯಲ್ಲಿ ಬುಕ್ ಮಾಡಿದ ತಾರೀಕಿನಿಂದ. ಎರಡಕ್ಕೂ ಎಷ್ಟು ಅಂತರ ಬೀಳುತ್ತದೆ ನೋಡಿ. ಜೂನ್ 3ರಂದು ಮಾಲು ಗೇಟಿನೊಳಗೆ ಹೋಯಿತು. 10ಕ್ಕೆ ಕ್ಯುಸಿ, ಅಂದರೆ ಗುಣಮಟ್ಟದ ತಪಾಸಣೆ, ಮುಗಿಯಿತು. ಇನ್ವಾಯ್ಸ್ ಬುಕ್ ಆದದ್ದು 19ಕ್ಕೆ, ಹಣ ಬ್ಯಾಂಕಿಗೆ ಬಂದದ್ದು ಜುಲೈ 28ಕ್ಕೆ. ಪೋರ್ಟಲ್‌ನಲ್ಲಿ 39 ದಿನ ಎಂದು ಹಸಿರು ಬಣ್ಣ ಬರುತ್ತದೆ. ಕಾಯ್ದೆಯ ಲೆಕ್ಕದಲ್ಲಿ ಅದು 55 ದಿನ, ಅಂದರೆ ಗರಿಷ್ಠ ಅವಧಿಯ ಮೇಲೆ ಇನ್ನೂ ಹತ್ತು. ಸುಳ್ಳು ಹೇಳೋಣ ಎಂದು ಅಲ್ಲಿ ಯಾರೂ ಹೊರಟಿರಲಿಲ್ಲ. ಸುಲಭವಾಗಿ ಸಿಕ್ಕ ತಾರೀಕನ್ನು ಯಾರೋ ಫಾರ್ಮುಲಾದಲ್ಲಿ ಹಾಕಿದ್ದರು, ಆಮೇಲೆ ಯಾರೂ ಅದನ್ನು ಕೇಳಿರಲಿಲ್ಲ. ಕೇಳಬೇಕಾದವರು ಸಪ್ಲೈಯರ್‌ಗಳು. ಅವರಿಗೆ ಕಾಣುತ್ತಿದ್ದುದು ಹಸಿರು ಬಣ್ಣ ಮತ್ತು 39 ಎಂಬ ಅಂಕಿ, ಅಷ್ಟೇ. ಅಂಕಿಯ ಮೇಲೆ ಒತ್ತಿದರೆ ಬಿಲ್‌ವಾರು ನಾಲ್ಕು ತಾರೀಕುಗಳು ತೆರೆದುಕೊಳ್ಳುವ ಹಾಗಿದ್ದರೆ ಮೊದಲ ತಿಂಗಳಲ್ಲೇ ಯಾರಾದರೂ ಒಬ್ಬರು ಇದನ್ನು ಹಿಡಿಯುತ್ತಿದ್ದರು.

ರಿಜೆಕ್ಷನ್ ಲೆಕ್ಕವೂ ಹಾಗೆಯೇ. ಹತ್ತು ಲಕ್ಷ ಪೀಸಿಗೆ ಎಷ್ಟು ಕೆಟ್ಟದ್ದು ಎಂದು ಎಣಿಸುವ ಪಿಪಿಎಂ ಎಂಬ ಅಳತೆ ವಾಹನ ಬಿಡಿಭಾಗಗಳ ಉದ್ಯಮದಲ್ಲಿ ಎಲ್ಲೆಡೆ ಇದೆ. 50,000 ಪೀಸು ಕಳಿಸಿ 25 ವಾಪಸಾದವರ ಪಿಪಿಎಂ 500. ಒಬ್ಬ ಮಾಲೀಕರು ನನಗೆ ಫೋನ್ ತೋರಿಸಿ ಕೇಳಿದ್ದರು: “ಮೇಡಂ, ನಾವು ಕಳ್ಸಿದ್ದೇ ಇನ್ನೂರು ಪೀಸು. ಒಂದೇ ಒಂದು ವಾಪಸ್ ಬಂತು. ಇಲ್ಲಿ ಐದು ಸಾವಿರ ಅಂತ ತೋರಿಸ್ತಿದೆಯಲ್ಲ, ಐದು ಸಾವಿರ ಪೀಸು ನಾವು ಯಾವಾಗ ಮಾಡಿದ್ವಿ?” ಲೆಕ್ಕ ಸರಿಯಾಗಿಯೇ ಇತ್ತು. ಇನ್ನೂರರಲ್ಲಿ ಒಂದು ಎಂದರೆ ಹತ್ತು ಲಕ್ಷಕ್ಕೆ ಐದು ಸಾವಿರ. ಆದರೆ ಇಷ್ಟು ಸಣ್ಣ ಲಾಟಿನಲ್ಲಿ ಒಂದು ಪೀಸು ಕೆಟ್ಟದ್ದನ್ನು ಇಟ್ಟುಕೊಂಡು ಆ ಕಾರ್ಖಾನೆಯ ಗುಣಮಟ್ಟದ ಬಗ್ಗೆ ತೀರ್ಪು ಕೊಡಲಾಗುವುದಿಲ್ಲ. ಮುಂದಿನ ಲಾಟಿನಲ್ಲಿ ಒಂದೂ ಕೆಡದಿದ್ದರೆ ಅದೇ ಅಳತೆ ಸೊನ್ನೆಗೆ ಇಳಿಯುತ್ತದೆ. ಇಂಥ ಕಡೆ ಗ್ರಾಫಿನ ಪಕ್ಕದಲ್ಲಿ ‘200ರಲ್ಲಿ 1’ ಎಂದು ಮೂಲ ಸಂಖ್ಯೆ ಇರಲೇಬೇಕು. ಸಣ್ಣ ಲಾಟಿಗೆ ಬಣ್ಣ ಹಚ್ಚದೆ ಬಿಡುವುದು ಇನ್ನೂ ನ್ಯಾಯ. ದೊಡ್ಡ ಸಪ್ಲೈಯರ್‌ನನ್ನೂ ಒಂದೇ ಲೇತಿನ ಸಣ್ಣವನನ್ನೂ ಒಂದೇ ಕೆಂಪು ಗೆರೆಯಿಂದ ಅಳೆದರೆ ಪೆಟ್ಟು ಬೀಳುವುದು ಯಾವಾಗಲೂ ಸಣ್ಣವನಿಗೇ.

ಕೆಲವು ದೋಷಗಳು ತೀರಾ ಚಿಕ್ಕವು, ಆದರೆ ದಿನನಿತ್ಯ ಕಾಡುತ್ತವೆ. ವಿದೇಶದಲ್ಲಿ ಹುಟ್ಟಿದ ಸಾಧನಗಳು ಹಣವನ್ನು ಮಿಲಿಯನ್ನಿನಲ್ಲಿ ತೋರಿಸುತ್ತವೆ. ನಿಮಗೆ ಬರಬೇಕಾದ ಹದಿನೆಂಟೂವರೆ ಲಕ್ಷ ಪರದೆಯ ಮೇಲೆ ‘1.85ಎಂ’ ಆಗಿರುತ್ತದೆ. ಲಕ್ಷ, ಕೋಟಿಗೆ ಬದಲಿಸಲು ಬರುತ್ತದೆ, ಯಾರೂ ಬದಲಿಸುವುದಿಲ್ಲ. ರಿಪೋರ್ಟನ್ನು ಅಗಲವಾದ ಮಾನಿಟರ್‌ಗೆಂದು ಮಾಡಿರುತ್ತಾರೆ. ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಅದನ್ನು ನೋಡುವ ಸೂಪರ್‌ವೈಸರ್ ಕೈಯಲ್ಲಿ ಇರುವುದು ಎಣ್ಣೆ ಮೆತ್ತಿದ ಮೊಬೈಲ್. ಕನ್ನಡದಲ್ಲಿ ವಿವರಣೆ ಹಾಕೋಣ ಎಂದರೆ, ವೆಂಡರ್‌ಗಳಿಗೆ ಇಂಗ್ಲಿಷ್ ಬರುತ್ತದಲ್ಲ ಎನ್ನುತ್ತಾರೆ. ಬಿಲ್ ಓದುವಷ್ಟು ಬರುತ್ತದೆ, ನಿಜ. ಆದರೆ ಡಿಬಿಟ್ ನೋಟ್ ಏಕೆ ಹಾಕಿದರು ಎಂಬ ಕಾರಣವನ್ನು, ಪೆನಾಲ್ಟಿಯ ಸೂತ್ರವನ್ನು ತನ್ನ ಭಾಷೆಯಲ್ಲಿ ಓದಿದವನು ಕೇಳುವ ಪ್ರಶ್ನೆಯೇ ಬೇರೆ. ಕರ್ನಾಟಕದ ನೆಲದಲ್ಲಿ ವ್ಯವಹಾರ ಮಾಡುವ ಕಂಪನಿ ಇಷ್ಟು ಮಾಡಲಿ.

ಸಾಲುಸಾಲು ವಿವರ ತೆರೆದಿಡಿ ಎಂದರೆ ಕಂಪನಿಗಳು ಗೋಪ್ಯತೆಯ ಮಾತು ಎತ್ತುತ್ತವೆ. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಬೇಡದ್ದು ಬಯಲಾದ ಪೋರ್ಟಲ್‌ಗಳನ್ನೂ ಕಂಡಿದ್ದೇನೆ. ಒಂದು ಕಡೆ ರಿಪೋರ್ಟಿನ ವಿಳಾಸದಲ್ಲೇ ವೆಂಡರ್ ಕೋಡ್ ಇತ್ತು. ಕೊನೆಯ ಅಂಕಿ ಬದಲಿಸಿದರೆ ಪಕ್ಕದ ಬೀದಿಯವರ ದರ, ಆರ್ಡರ್, ಬಾಕಿ ಎಲ್ಲ ಕಾಣುತ್ತಿತ್ತು. ಪುಟದ ಮೇಲೆ ಫಿಲ್ಟರ್ ಹಾಕಿ ಅದನ್ನು ಮರೆಮಾಡಿದರೆ ಸಾಕು ಎಂದುಕೊಂಡಿದ್ದರು. ಮರೆಮಾಡಿದ ಫಿಲ್ಟರ್ ಬೀಗವಲ್ಲ. ಯಾರು ಲಾಗಿನ್ ಆಗಿದ್ದಾರೆ ಎಂದು ಸರ್ವರ್ ತಾನೇ ಗುರುತಿಸಿ, ಅವರ ಹೆಸರಿನ ಸಾಲುಗಳನ್ನು ಮಾತ್ರ ಡೇಟಾಬೇಸಿನಿಂದ ಎತ್ತಿಕೊಡಬೇಕು. ರೋ ಲೆವೆಲ್ ಸೆಕ್ಯುರಿಟಿ ಎನ್ನುವುದು ಇದನ್ನೇ. ಚೌಕಟ್ಟು ತೆರೆಯಲು ಕೊಡುವ ಟೋಕನ್ನನ್ನು ಸರ್ವರ್‌ನಲ್ಲೇ ಸಿದ್ಧಮಾಡಬೇಕು, ಅದರ ಆಯಸ್ಸು ಕೆಲವೇ ನಿಮಿಷ ಇರಬೇಕು. ಪವರ್ ಬಿಐನಲ್ಲಿ ‘ಪಬ್ಲಿಶ್ ಟು ವೆಬ್’ ಎಂಬ ಆಯ್ಕೆಯಿದೆ. ಅದರಿಂದ ಬರುವ ಕೊಂಡಿ ಸಿಕ್ಕ ಯಾರು ಬೇಕಾದರೂ, ಯಾವ ಪಾಸ್‌ವರ್ಡೂ ಇಲ್ಲದೆ ರಿಪೋರ್ಟ್ ನೋಡಬಹುದು. ಗ್ರಾಫಿನಲ್ಲಿ ಕಾಣದ ವಿವರವೂ ಹೊರಬೀಳಬಹುದು ಎಂದು ಮೈಕ್ರೋಸಾಫ್ಟೇ ಎಚ್ಚರಿಸಿದೆ. ಎರಡೇ ನಿಮಿಷದ ಕೆಲಸವೆಂದು ಅದನ್ನು ಲಾಗಿನ್ ಪುಟದ ಹಿಂದೆ ಇಟ್ಟು ಸುರಕ್ಷಿತ ಎಂದುಕೊಂಡವರಿದ್ದಾರೆ.

2021ರ ಆಗಸ್ಟಿನಲ್ಲಿ ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆ ಬಯಲಿಗೆಳೆದ ಪ್ರಕರಣ ಈ ಅಪಾಯದ ಅಳತೆ ತೋರಿಸುತ್ತದೆ. ಮೈಕ್ರೋಸಾಫ್ಟಿನ ಪವರ್ ಆ್ಯಪ್ಸ್ ಬಳಸಿ ಕಟ್ಟಿದ ಪೋರ್ಟಲ್‌ಗಳಲ್ಲಿ 47 ಕಂಪನಿ ಮತ್ತು ಸರ್ಕಾರಿ ಸಂಸ್ಥೆಗಳ 3.8 ಕೋಟಿ ದಾಖಲೆಗಳು ಯಾರಿಗೆ ಬೇಕಾದರೂ ಸಿಗುವಂತಿದ್ದವು. ಲಸಿಕೆಯ ಅಪಾಯಿಂಟ್‌ಮೆಂಟ್‌ಗಳಿಂದ ಹಿಡಿದು ಉದ್ಯೋಗಿಗಳ ಗುರುತಿನ ಸಂಖ್ಯೆಯವರೆಗೆ. ಕೋಷ್ಟಕಗಳಿಗೆ ಅನುಮತಿ ಹಾಕುವ ಒಂದು ಸೆಟ್ಟಿಂಗ್ ತಾನಾಗಿ ಚಾಲೂ ಆಗಿರಲಿಲ್ಲ, ಕಟ್ಟಿದವರು ಅದನ್ನು ನೋಡಿರಲಿಲ್ಲ. ಆಮೇಲೆ ಮೈಕ್ರೋಸಾಫ್ಟ್ ಅದನ್ನು ಮೊದಲಿನಿಂದಲೇ ಚಾಲೂ ಇರುವಂತೆ ಬದಲಿಸಿತು. ಗೋಪ್ಯತೆಯ ಬಗ್ಗೆ ನಿಜವಾದ ಕಾಳಜಿ ಇರುವವರು ಇಂಥ ಕಡೆ ಹಣ ಮತ್ತು ಗಮನ ಕೊಡಬೇಕು. ಒಬ್ಬ ಸಪ್ಲೈಯರ್‌ಗೆ ಅವನದೇ ಬಿಲ್ಲಿನ ತಾರೀಕನ್ನು ತೋರಿಸದಿರಲು ಗೋಪ್ಯತೆಯನ್ನು ನೆಪ ಮಾಡಬಾರದು.

ಯಾರ ದಾಖಲೆಯೋ ಅವರಿಗೇ ಅದನ್ನು ತೆರೆದು ತೋರಿಸುವುದಕ್ಕೆ ನಮ್ಮ ರಾಜ್ಯದಲ್ಲೇ ಹಳೆಯ, ಒಳ್ಳೆಯ ಉದಾಹರಣೆಯಿದೆ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಕೊಡತೊಡಗಿದಾಗ, ಸಿಬ್ಬಂದಿ ನೋಡುವ ಪರದೆಯ ಜೊತೆಗೆ ಎದುರು ನಿಂತ ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆಯೊಂದನ್ನು ಇಟ್ಟಿದ್ದರು. ತನ್ನ ಸರ್ವೆ ನಂಬರಿನ ಎದುರು ಏನು ಬೀಳುತ್ತಿದೆ ಎಂಬುದನ್ನು ರೈತ ಆಗಲೇ ನೋಡಬಹುದಿತ್ತು, ತಪ್ಪಿದ್ದರೆ ಅಲ್ಲೇ ಹೇಳಬಹುದಿತ್ತು. ಇಪ್ಪತ್ತು ವರ್ಷಕ್ಕೂ ಹಿಂದೆ ಸರ್ಕಾರಿ ಕಚೇರಿಯೊಂದು ಯೋಚಿಸಿ ಮಾಡಿದ ಈ ಏರ್ಪಾಡು ಇಂದಿನ ವೆಂಡರ್ ಪೋರ್ಟಲ್‌ಗಳಲ್ಲಿ ಕಾಣೆಯಾಗಿದೆ. ಪರದೆ ಈಗ ಸಪ್ಲೈಯರ್‌ನ ಕೈಯಲ್ಲೇ ಇದೆ, ಆದರೆ ಅದರಲ್ಲಿ ಕೊನೆಯ ಮೊತ್ತ ಮಾತ್ರ ಇದೆ.

ವಿವರ ತೆರೆದರೆ ತಕರಾರು ಹೆಚ್ಚುತ್ತವೆ ಎಂದು ಪರ್ಚೇಸ್ ಮ್ಯಾನೇಜರ್‌ಗಳು ಹೇಳುತ್ತಾರೆ. ಹೌದು, ಮೊದಲ ಎರಡು ಮೂರು ತಿಂಗಳು ಹೆಚ್ಚುತ್ತವೆ. ಅವುಗಳಲ್ಲಿ ಒಂದಷ್ಟು ಕಂಪನಿಯ ಸ್ವಂತ ದಾಖಲೆಯ ತಪ್ಪನ್ನೇ ಹಿಡಿದುಕೊಡುತ್ತವೆ: ಎರಡು ಸಲ ಬಿದ್ದ ರಿಜೆಕ್ಷನ್, ಬೇರೆಯವರ ಕೋಡಿಗೆ ಹೋದ ಜಿಆರ್‌ಎನ್, ಡ್ರಾಯಿಂಗ್ ಬದಲಾದ ಮೇಲೂ ಹಳೆಯ ಅಳತೆಯಲ್ಲಿ ನೋಡಿ ವಾಪಸು ಮಾಡಿದ ಮಾಲು. ಇವನ್ನು ಪುಕ್ಕಟೆಯಾಗಿ ಹುಡುಕಿಕೊಡುವ ನೂರಾರು ಜೋಡಿ ಕಣ್ಣುಗಳು ಸಿಕ್ಕರೆ ಯಾವ ಆಡಿಟರ್ ಬೇಡವೆಂದಾನು? ಖರ್ಚಿನ ಮಾತಿಗೆ ಬಂದರೆ, ಸೂಪರ್‌ಸೆಟ್, ಮೆಟಾಬೇಸ್ ಎರಡಕ್ಕೂ ಲೈಸೆನ್ಸ್ ಹಣ ಕೊಡದೆ ಬಳಸಬಹುದಾದ ಆವೃತ್ತಿಗಳಿವೆ. ಸರ್ವರ್‌ನಲ್ಲಿ ಸಹಿ ಮಾಡಿದ ಟೋಕನ್ ಮೂಲಕ ರಿಪೋರ್ಟನ್ನು ಪೋರ್ಟಲ್‌ನಲ್ಲಿ ಕೂರಿಸಲು ಅವುಗಳಲ್ಲೂ ಬರುತ್ತದೆ. ಮಧ್ಯಮ ಗಾತ್ರದ ಕಂಪನಿಗೆ ಇಷ್ಟು ಸಾಕಾಗುತ್ತದೆ. ದುಡ್ಡಿಗಿಂತ ಹೆಚ್ಚು ಬೇಕಾಗುವುದು ಪರ್ಚೇಸ್, ಅಕೌಂಟ್ಸ್, ಕ್ಯುಸಿ ಮೂವರೂ ಒಂದೇ ಮೇಜಿಗೆ ಬಂದು ಪ್ರತಿ ಸಂಖ್ಯೆಯ ಅರ್ಥವನ್ನು ಬರೆದು ಒಪ್ಪಿಕೊಳ್ಳುವ ಒಂದು ವಾರ. ಆ ವಾರವನ್ನು ಕೊಡುವ ಕಂಪನಿಗಳು ಕಡಿಮೆ. ಕೊಟ್ಟ ಕಡೆ ನಮ್ಮ ಕೆಲಸ ಸಲೀಸಾಗಿ ಮುಗಿದಿದೆ.

ನನ್ನ ವೃತ್ತಿಯವರಿಗೂ ಒಂದು ಮಾತು. ಗಿರಾಕಿ ಕೇಳಲಿಲ್ಲ ಎಂದು ಕೊನೆಯ ರಿಫ್ರೆಶ್ ವೇಳೆಯನ್ನು ಬಿಡಬೇಡಿ. ಫಾರ್ಮುಲಾದ ವಿವರಣೆಯನ್ನು ರಿಪೋರ್ಟಿನ ಒಳಗೇ ಇಡಿ, ಬೇರೆ ಪಿಡಿಎಫ್‌ನಲ್ಲಿ ಇಟ್ಟರೆ ಯಾರೂ ತೆರೆಯುವುದಿಲ್ಲ. ಕೆಲಸ ಒಪ್ಪಿಸುವ ಮುನ್ನ ಒಬ್ಬ ನಿಜವಾದ ಸಪ್ಲೈಯರ್ ಪಕ್ಕ ಕೂತು, ಅವರ ಫೋನಿನಲ್ಲೇ ರಿಪೋರ್ಟ್ ತೆರೆಸಿ, ಅವರು ಎಲ್ಲಿ ಎಡವುತ್ತಾರೆ ನೋಡಿ.

ವೆಂಡರ್ ಒಪ್ಪಂದಗಳು ಬಹಳಷ್ಟು ಕಡೆ ಹಣಕಾಸು ವರ್ಷದ ಕೊನೆಯಲ್ಲಿ ನವೀಕರಣವಾಗುತ್ತವೆ. ದರ, ಪೇಮೆಂಟ್ ಅವಧಿ, ಪೆನಾಲ್ಟಿಗಳ ಬಗ್ಗೆ ಅಲ್ಲಿ ಪುಟಗಟ್ಟಲೆ ಇರುತ್ತದೆ. ಪೋರ್ಟಲ್ ಬಗ್ಗೆ ಇರುವುದು, ಅದರಲ್ಲಿ ಕಾಣುವ ರೇಟಿಂಗೇ ಅಂತಿಮ ಎಂಬ ಒಂದು ಸಾಲು. ಒಬ್ಬ ಸಣ್ಣ ಮಾಲೀಕ ಒಬ್ಬನೇ ಹೋಗಿ ಆ ಸಾಲನ್ನು ಬದಲಿಸಲಾರ. ಕೈಗಾರಿಕಾ ಸಂಘಗಳು ತಮ್ಮ ಸದಸ್ಯರೆಲ್ಲರ ಪರವಾಗಿ ಅದರ ಜಾಗಕ್ಕೆ ಬೇರೆ ಕಲಮು ಕೇಳಬೇಕು: ರೇಟಿಂಗಿನ ಪ್ರತಿ ಸಂಖ್ಯೆಗೂ ತಾರೀಕು, ಸೂತ್ರ ಮತ್ತು ಮೂಲ ಸಾಲುಗಳು ಪೋರ್ಟಲ್‌ನಲ್ಲೇ ಲಭ್ಯವಿರಬೇಕು; ಅವನ್ನು ಇಳಿಸಿಕೊಳ್ಳಲು ಬರಬೇಕು; ಲಿಖಿತ ತಕರಾರಿಗೆ 15 ದಿನದೊಳಗೆ ಲಿಖಿತ ಉತ್ತರ ಬರಬೇಕು; ಉತ್ತರ ಬರುವವರೆಗೆ ಆ ಸಂಖ್ಯೆಯ ಆಧಾರದ ಮೇಲೆ ಆರ್ಡರ್ ಕಡಿತ ಮಾಡುವಂತಿಲ್ಲ. ಈ ಕಲಮಿನ ತಾಂತ್ರಿಕ ಭಾಗದ ಕರಡು ಬರೆಯಲು ಯಾವ ಊರಿನ ಸಂಘ ಕರೆದರೂ ನಾನು ಹೋಗಿ ಕೂತು ಬರೆದುಕೊಡಲು ಸಿದ್ಧಳಿದ್ದೇನೆ.